ಅಂಗಡಿ ಗಾಜಿನ ಮೇಲಿನ ಉತ್ತರ

ನೂರ್ಜಹಾನ್ ಕೆಲಸ ಮುಗಿಸಿ ಮನೆಗೆ ಬಂದಳೆಂದರೆ ವಸುಂಧರಾ ತನ್ನ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದಳು. ಆ ಸದ್ದು ಕೆಳಗಿನ ಬಾಗಿಲ ತನಕ ಕೇಳುತ್ತಿತ್ತು. ಕೇಳಲಿ ಎಂದೇ ಅವಳು ಹಾಗೆ ಹಾಕುತ್ತಿದ್ದದ್ದು. ಸ್ವಲ್ಪ ಹೊತ್ತು ಕಳೆದ ಮೇಲೆ ರಬ್ಬರಿನ ಕೈಗವಸು ತೊಟ್ಟು ಇಳಿದುಬಂದು ಬಾಗಿಲ ಹಿಡಿಕೆ, ಲೈಟಿನ ಸ್ವಿಚ್ಚು, ಕೆಟಲ್ಲಿನ ಹಿಡಿ, ಫ್ರಿಜ್ಜಿನ ಬಾಗಿಲು, ಒಂದನ್ನೂ ಬಿಡದೆ ಬ್ಲೀಚ್ ನೀರು ಚಿಮುಕಿಸಿ ಒರೆಸುತ್ತಿದ್ದಳು. ನೂರ್ಜಹಾನ್ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದರೂ ಅವಳ ಕಣ್ಣೆದುರಿಗೇ ಒರೆಸುತ್ತಿದ್ದಳು. ನೂರ್ಜಹಾನ್ ಕಪ್ಪು ತೊಳೆದಿಟ್ಟು ಮೇಲೆ ಹೋಗುತ್ತಿದ್ದಳು. ವಸುಂಧರಾ ಆ ಕಪ್ಪನ್ನು ಮತ್ತೊಮ್ಮೆ ತೊಳೆಯುತ್ತಿದ್ದಳು.

ಅದು 2020ರ ಏಪ್ರಿಲ್. ಡಬ್ಲಿನ್ನಿನ ಅಂಚಿನ ಟಾಲಾದ ಒಂದು ಬಡಾವಣೆಯ ಮೂರು ಕೋಣೆಯ ಮನೆ. ಮೂರನೆಯ ಕೋಣೆಯಲ್ಲಿದ್ದ ತನ್ವಿ ಎಂಬ ಹುಡುಗಿ ವಿಮಾನ ಸಂಚಾರ ನಿಲ್ಲುವ ಮುಂಚೆಯೇ ಬೆಂಗಳೂರಿಗೆ ಹಾರಿಹೋಗಿದ್ದಳು. ಉಳಿದವರು ಇವರಿಬ್ಬರೇ. ಕೊರೊನಾ ಹರಡದಿರಲೆಂದು, ಅಗತ್ಯ ಕೆಲಸದವರ ಹೊರತು ಯಾರೂ ಮನೆಯಿಂದ ಎರಡು ಕಿಲೋಮೀಟರು ದಾಟಿ ಹೋಗಬಾರದೆಂದು ಸರ್ಕಾರ ಕಟ್ಟಳೆ ಹಾಕಿತ್ತು.

ವಸುಂಧರಾ ಮೈಸೂರಿನವಳು. ಅಲ್ಲಿ ಆರು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಪಿಎಚ್.ಡಿ. ಮಾಡಲೆಂದು ಡಬ್ಲಿನ್ನಿಗೆ ಬಂದವಳು. ಅಮೆರಿಕದ ಗಣರಾಜ್ಯ ಹುಟ್ಟಿದ ಮೊದಲ ಇಪ್ಪತ್ತೈದು ವರ್ಷ ಅವಳ ವಿಷಯ. ಅದರ ಜೊತೆಗೆ ಕಾಲೇಜಿನ ಎರಡನೆಯ ವರ್ಷದ ಹುಡುಗರಿಗೆ ಅದೇ ವಿಷಯದ ಪಾಠವನ್ನೂ ಮಾಡುತ್ತಿದ್ದಳು. ಮಾರ್ಚಿನಿಂದ ಆ ಪಾಠ ಹಾಸಿಗೆಯ ಪಕ್ಕದ ಮೇಜಿಗೆ, ಲ್ಯಾಪ್‌ಟಾಪಿನ ಪರದೆಗೆ ಬಂದಿತ್ತು. ಅವಳಿಗೆ ಚಿಕ್ಕಂದಿನಿಂದಲೂ ಅಸ್ತಮಾ. ಎರಡು ಸಲ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡಿದ ನೆನಪಿತ್ತು. ಅವಳ ಭಯ ಸುಳ್ಳಾಗಿರಲಿಲ್ಲ.

ನೂರ್ಜಹಾನ್ ಅವಳಿಗಿಂತ ಏಳೆಂಟು ವರ್ಷ ದೊಡ್ಡವಳು, ವಿಜಯಪುರದವಳು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ನಾಲ್ಕು ಮೈಲಿ ದೂರದ ಒಂದು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ, ಮಗ್ಗುಲು ಬದಲಿಸುವ ಕೆಲಸಕ್ಕೆ ಸೇರಿದ್ದಳು. ಈಸ್ಟರ್ ಹೊತ್ತಿಗೆ ಅಲ್ಲಿ ಹನ್ನೊಂದು ಜನ ಸತ್ತಿದ್ದರು. ತನ್ನ ಊರಿನ ಕಡೆ ಶಾಲೆಯ ಮೇಡಂಗಳನ್ನು ಕರೆಯುವ ಹಾಗೆ ವಸುಂಧರೆಯನ್ನು ಅವಳು ‘ಅಕ್ಕಾರ’ ಎನ್ನುತ್ತಿದ್ದಳು. ಮೊದಮೊದಲು ಅದು ವಸುಂಧರೆಗೆ ಇಷ್ಟವಾಗಿತ್ತು. ಈಗ ಆ ಮಾತು ಕೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ಈಸ್ಟರ್ ಕಳೆದ ಮಂಗಳವಾರ ವಸುಂಧರಾ ಮಾಡಿದ ಪಾಠ 1793ರ ಹಳದಿ ಜ್ವರದ್ದು. ಆಗ ಹೊಸ ಗಣರಾಜ್ಯದ ರಾಜಧಾನಿ ಫಿಲಡೆಲ್ಫಿಯಾ. ಸಂವಿಧಾನ ಜಾರಿಗೆ ಬಂದು ಇನ್ನೂ ಐದು ವರ್ಷ ತುಂಬಿರಲಿಲ್ಲ. ಜ್ವರ ಊರು ಹೊಕ್ಕಿತು. ಅಧ್ಯಕ್ಷರು ತಮ್ಮ ಎಸ್ಟೇಟಿಗೆ ಹೊರಟುಹೋದರು, ಖಜಾನೆ ಮಂತ್ರಿ ಹಾಸಿಗೆ ಹಿಡಿದರು, ಗುಮಾಸ್ತರು ಕಚೇರಿ ಬಿಟ್ಟು ಓಡಿದರು. ಯಾವ ಔಷಧಿ ಕುಡಿಯಬೇಕೆಂಬುದಕ್ಕೂ ಎರಡು ಪಕ್ಷಗಳು ಪತ್ರಿಕೆಗಳಲ್ಲಿ ಕಚ್ಚಾಡಿದವು. ಕಪ್ಪು ಜನರಿಗೆ ಈ ಜ್ವರ ತಗಲುವುದಿಲ್ಲ ಎಂದು ಒಬ್ಬ ದೊಡ್ಡ ವೈದ್ಯ ನಂಬಿಸಿದ. ರೋಗಿಗಳ ಆರೈಕೆಗೆ, ಹೆಣ ಹೊರುವುದಕ್ಕೆ ಅವರನ್ನು ಕರೆದರು. ಅವರು ಬಂದರು. ಅವರಲ್ಲೂ ನೂರಾರು ಜನ ಸತ್ತರು.

“ಆಮೇಲೇನಾಯಿತು?” ಎಂದು ವಸುಂಧರಾ ಪರದೆಯ ಮೇಲಿನ ಹದಿನಾಲ್ಕು ಚೌಕಗಳನ್ನು ಇಂಗ್ಲಿಷಿನಲ್ಲಿ ಕೇಳಿದಳು. ಉತ್ತರವನ್ನೂ ತಾನೇ ಹೇಳಿದಳು. ನಿಮ್ಮ ಈ ಡಬ್ಲಿನ್ನಿನವನೇ ಒಬ್ಬ ಇದ್ದ. ಇಲ್ಲಿನ ಸರ್ಕಾರದ ಕಣ್ಣು ತಪ್ಪಿಸಿ, ಹೆಣ್ಣು ವೇಷ ಹಾಕಿಕೊಂಡು ಹಡಗು ಹತ್ತಿ, ಅಲ್ಲಿ ಛಾಪಖಾನೆ ಇಟ್ಟವನು. ಜ್ವರ ಇಳಿದ ಕೂಡಲೇ ಅವನು ಅದರ ಕಥೆಯನ್ನು ಅಚ್ಚು ಹಾಕಿ ಮಾರಿದ. ಅದರಲ್ಲಿ, ಆರೈಕೆಗೆ ಬಂದ ಕಪ್ಪು ಜನರಲ್ಲಿ ಕೆಲವರು ರೋಗಿಗಳ ಮನೆ ದೋಚಿದರು ಎಂದು ಬರೆದ. ಆ ಹೊತ್ತಿನಲ್ಲಿ ಅವನು ಸ್ವತಃ ಊರು ಬಿಟ್ಟು ಹೋಗಿದ್ದ. ಆ ಜನರ ಇಬ್ಬರು ಹಿರಿಯರು ಸುಮ್ಮನಿರಲಿಲ್ಲ. ಯಾರು ಯಾರ ಮನೆಯಲ್ಲಿ ಏನು ಮಾಡಿದರು, ಯಾರು ಸತ್ತರು ಎಂಬುದನ್ನೆಲ್ಲ ಬರೆದು, ತಾವೂ ಅಚ್ಚು ಹಾಕಿ ಹಂಚಿದರು. “ಈ ಗಣರಾಜ್ಯ ಬೆಳೆದದ್ದು ಬರೀ ಕಾಯಿದೆಯಿಂದ ಅಲ್ಲ, ಯಾರ ಮಾತು ದಾಖಲಾಗಬೇಕು ಎಂಬ ಜಗಳದಿಂದಲೂ ಬೆಳೆದದ್ದು,” ಎಂದು ಮುಗಿಸಿದಳು. ಪಾಠ ಚೆನ್ನಾಗಿ ಬಂದಿತೆಂದು ಅವಳಿಗೇ ಅನಿಸಿತು.

ಎರಡು ದಿನ ಬಿಟ್ಟು, ಗುರುವಾರ ಮಧ್ಯಾಹ್ನ, ಹಜಾರದ ಗೂಟದಲ್ಲಿ ನೂರ್ಜಹಾನಳ ಕೋಟಿನ ಕೆಳಗೆ ಒಂದು ಚೀಲವಿತ್ತು. ಬಾಯಿ ತೆರೆದಿತ್ತು. ಒಳಗೆ ಮಾಸ್ಕಿನ ನಾಲ್ಕು ಪೆಟ್ಟಿಗೆ, ಕೈಗವಸಿನ ಎರಡು ಪೆಟ್ಟಿಗೆ. ಆ ದಿನಗಳಲ್ಲಿ ಟಾಲಾದ ಯಾವ ಔಷಧಿ ಅಂಗಡಿಯಲ್ಲೂ ಒಂದು ಮಾಸ್ಕು ಸಿಗುತ್ತಿರಲಿಲ್ಲ. ವಸುಂಧರಾ ಎರಡು ವಾರದಿಂದ ದುಪಟ್ಟಾ ಸುತ್ತಿಕೊಂಡು ಓಡಾಡುತ್ತಿದ್ದಳು.

ಅವಳು ಚೀಲ ಮುಟ್ಟಲಿಲ್ಲ, ಮುಟ್ಟುವುದಕ್ಕೆ ಭಯ. ಮೇಲೆ ಹೋಗಿ ಫೋನು ತೆಗೆದು, ಟಾಲಾ ಕನ್ನಡಿಗರ ಆನ್‌ಲೈನ್ ಗುಂಪಿನಲ್ಲಿ ಬರೆದಳು. ಅವಳ ಕನ್ನಡ ಒಳ್ಳೆಯ ಕನ್ನಡ. ‘ವೃದ್ಧಾಶ್ರಮದ ನಿಸ್ಸಹಾಯಕರಿಗೆ ಸೇರಬೇಕಾದ ಮಾಸ್ಕುಗಳು ನಮ್ಮವರೇ ಕೆಲವರ ಚೀಲ ಸೇರುತ್ತಿವೆ. ಸೇವೆಯ ಹೆಸರಿನಲ್ಲಿ ಕಳವು. ಆ ಚೀಲದ ಜೊತೆ ರೋಗವೂ ಮನೆಗೆ ಬರುತ್ತಿದೆ. ಇಂಥವರೊಡನೆ ಒಂದೇ ಸೂರಿನಡಿ ಬದುಕುವವರ ಗತಿಯೇನು?’ ಎಂದು ಮುಗಿಸಿದಳು. ಹೆಸರು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಆ ಗುಂಪಿನಲ್ಲಿ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದವಳು ಒಬ್ಬಳೇ.

ಅರ್ಧ ಗಂಟೆಯಲ್ಲಿ ಗುಂಪು ಹೊತ್ತಿಕೊಂಡಿತು. ಒಬ್ಬರು ಛೀಮಾರಿ ಹಾಕಿದರು. ಇನ್ನೊಬ್ಬರು, ಈ ಜನರೇ ಹೀಗೆ, ಎಂದರು. ಮತ್ತೊಬ್ಬರು ಊರಿನ ಕಡೆಯಿಂದ ಬಂದ ಒಂದು ವಿಡಿಯೊ ಹಾಕಿದರು. ಟೋಪಿ ಹಾಕಿದ ಯಾರೋ ಹಣ್ಣಿಗೆ ಎಂಜಲು ಹಚ್ಚುತ್ತಿದ್ದಾನೆಂದು ಅದರ ಕೆಳಗೆ ಬರೆದಿತ್ತು. ತಾನು ಹೇಳಿದ್ದು ಇದಲ್ಲವೆಂದು ವಸುಂಧರೆಗೆ ಅನಿಸಿತು. ಹಾಗೆಂದು ಬರೆಯಲು ಬೆರಳು ಮುಂದಾಯಿತು. ಬರೆಯಲಿಲ್ಲ.

ಸಂಜೆ ಅನಂತಕೃಷ್ಣ ಫೋನು ಮಾಡಿದ. ಆ ಮನೆಯ ಮಾಲೀಕ ಅವನು. ಗ್ರ್ಯಾಂಡ್ ಕೆನಾಲ್ ಡಾಕಿನ ದೊಡ್ಡ ಕಂಪನಿಯೊಂದರಲ್ಲಿ ಕೆಲಸ, ವಾಸ ಬೇರೆಡೆ. ಆ ಗುಂಪನ್ನು ನಡೆಸುವವನೂ ಅವನೇ.

“ಮೇಡಂ, ಸರಿಯಾಗ್ ಬರ್ದಿದ್ದೀರಿ. ನಂಗೂ ಅನುಮಾನ ಇತ್ತು,” ಎಂದ. “ನೋಡಿ, ಈಗ ಯಾರನ್ನೂ ಮನೆ ಬಿಡಿಸೋ ಹಾಗಿಲ್ಲ ಅಂತ ಗೌರ್ಮೆಂಟು ಕಾನೂನು ತಂದ್‌ಬಿಟ್ಟಿದೆ. ಕೆಲಸ ತಪ್ಪಿ ಅವರಾಗೇ ಹೋದ್ರೆ ಯಾರಿಗೂ ತೊಂದ್ರೆ ಇಲ್ಲ. ನೀವ್ ಬರೆದಿದ್ದನ್ನ ಇಂಗ್ಲಿಷ್ ಮಾಡಿ ಅವರ ಕೆಲಸದ ಜಾಗಕ್ಕೆ ಒಂದ್ ಮೇಲ್ ಹಾಕ್ಲಾ?”

ವಸುಂಧರಾ ಕಿಟಕಿಯ ಆಚೆ ನೋಡಿದಳು. ಬಡಾವಣೆಯ ಮಕ್ಕಳು ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಕಾಮನಬಿಲ್ಲು ಬರೆಯುತ್ತಿದ್ದರು.

“ನಿಮ್ಮಿಷ್ಟ,” ಎಂದಳು.

“ಗ್ರ್ಯಾಂಡ್,” ಎಂದು ಐರಿಷರ ಧಾಟಿಯಲ್ಲಿ ಒಪ್ಪಿಗೆ ಹೇಳಿ ಅವನು ಫೋನಿಟ್ಟ.

ಶನಿವಾರ ಬೆಳಿಗ್ಗೆ ನೂರ್ಜಹಾನ್ ಕೆಲಸಕ್ಕೆ ಹೋದವಳು ಒಂದು ಗಂಟೆಯೊಳಗೆ ವಾಪಸು ಬಂದಳು. ವಿಚಾರಣೆ ಮುಗಿಯುವ ತನಕ ಬರಬೇಡವೆಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಅವಳು ಮೇಲೆ ಬಂದು ಕೋಣೆ ಸೇರಿದಳು. ವಸುಂಧರಾ ಗೋಡೆಗೆ ಕಿವಿಗೊಟ್ಟಳು. ಅಳುವ ಸದ್ದು ಬಂದಿದ್ದರೆ ಅವಳಿಗೆ ಒಂದು ಥರ ಸಮಾಧಾನವಾಗುತ್ತಿತ್ತೋ ಏನೋ. ಯಾವ ಸದ್ದೂ ಬರಲಿಲ್ಲ.

ಐದನೆಯ ದಿನ, ಬುಧವಾರ ಮಧ್ಯಾಹ್ನ, ವಸುಂಧರಾ ಬ್ಲೀಚಿನ ಬಾಟಲಿ ಹಿಡಿದು ಇಳಿಯುವಾಗ ನೂರ್ಜಹಾನ್ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ಮುಚ್ಚಳ.

“ಅಲ್ಲೇ ನಿಂದರ್ರಿ ಅಕ್ಕಾರ. ನಾ ಮ್ಯಾಲ ಬರಂಗಿಲ್ಲ,” ಎಂದಳು. “ಇದನ್ನ ಓದ್ರಿ.”

ಮುಚ್ಚಳದ ಮೇಲೆ ಅಂಚೆಯ ಚೀಟಿ ಅಂಟಿತ್ತು. ಕಳಿಸಿದವರು ದಕ್ಷಿಣದ ಕಾರ್ಕ್ ನಗರದ ಮಜರ್. ತಲುಪಬೇಕಾದವರು ಟಾಲಾದ ನೂರ್ಜಹಾನ್.

“ನಮ್ಮ ಕಾಕಾನ ಮಗ. ಅಲ್ಲೆ ಔಷಧ ಫ್ಯಾಕ್ಟರಿಯಾಗ ಅದಾನ. ನಮ್ಮಲ್ಲೆ ಇಡೀ ಪಾಳಿಗೆ ಒಂದ ಮಾಸ್ಕ್ ಕೊಡತಿದ್ರು. ಅದಕ ಅವಾ ಹುಡುಕಿ ಕಳಿಸಿದ್ದ. ನಾ ಅಲ್ಲಿಂದ ತಂದದ್ದಲ್ಲ, ಅಲ್ಲಿಗೆ ಒಯ್ಯಾಕ ಇಟ್ಟಿದ್ದು.”

ವಸುಂಧರಾ ಚೀಟಿಯಿಂದ ಕಣ್ಣು ತೆಗೆದಳು. “ನಾನು ನಿಮ್ಮ ಹೆಸ್ರು ಹೇಳಿಲ್ಲ,” ಎಂದಳು. “ಕೆಲವರು ಅಂತ ಅಷ್ಟೇ ಬರ್ದಿದ್ದು.”

“ಆ ಛಾಪಖಾನೆಯಾಂವನೂ ಕೆಲವರು ಅಂತನ ಬರದಿದ್ನಲ್ರಿ.”

ವಸುಂಧರಾ ಬ್ಲೀಚಿನ ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟಳು.

“ನಮ್ಮಿಬ್ಬರ ನಡುವಿನ ಗೋಡಿ ರಟ್ಟಿನಂಥಾದ್ದು. ಮಂಗಳವಾರ ನನಗ ರಜಾ ಇತ್ತು. ನಿಮ್ಮ ಪಾಠ ಎಲ್ಲಾ ಕೇಳೀನಿ. ಚಲೋ ಹೇಳಿದ್ರಿ. ನಾ ಗ್ವಾಡಿಗೆ ತಲಿ ಹಚ್ಚಿ ಅತ್ತೀನಿ ಅಂದ್ರ ನಂಬ್ರಿ. ನಮ್ಮಂಥಾರ ಬಗ್ಗೆ ಇಷ್ಟ ತಿಳದಾಕಿ ಮಗ್ಗಲದಾಗ ಅದಾಳಲ್ಲ ಅಂತ ಅನಿಸಿತ್ತು.” ಅವಳ ದನಿ ಏರಲಿಲ್ಲ. “ಎರಡ ದಿನಕ್ಕ ಇದನ್ನ ಬರದ್ರಿ.”

“ನಂಗೆ ಅಸ್ತಮಾ ಇದೆ. ನಾನೆಷ್ಟು ಹೆದರಿದ್ದೆ ಅಂತ ನಿಮಗೆ ಗೊತ್ತಿಲ್ಲ.”

“ನನಗ ಅಂಜಿಕಿ ಇಲ್ಲೇನ್ರಿ? ನಿನ್ನೆ ಬ್ರೀಡಾ ಸತ್ಲು. ತೊಂಬತ್ತೊಂದು ವರ್ಷದಾಕಿ. ಮೂರು ವರ್ಷ ನನ್ನ ಕೈಯಾಗ ಉಂಡಾಳ. ಬ್ಯಾರೇದವರು ಉಣಿಸಿದ್ರ ಬಾಯಿ ತಗೀತಿರಲಿಲ್ಲ. ಮಕ್ಕಳನ್ನ ಒಳಗ ಬಿಡಂಗಿಲ್ಲ, ನನ್ನೂ ಬಿಡಲಿಲ್ಲ. ಸಾಯೂ ಮುಂದ ನನ್ನ ಹೆಸರ ಹಿಡದು ಕೇಳಿದ್ಲು ಅಂತ ನರ್ಸ್ ಫೋನ್ ಮಾಡಿ ಹೇಳಿದ್ಲು.” ಮುಚ್ಚಳವನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟಳು. “ಅದ ಗುಂಪಿನಾಗ, ಅಷ್ಟ ಉದ್ದ, ಖರೇ ಏನೈತಿ ಅದನ್ನ ಬರೀರಿ. ಇಷ್ಟ ನಾ ಕೇಳೂದು.”

“ಯೋಚ್ನೆ ಮಾಡ್ತೀನಿ,” ಎಂದಳು ವಸುಂಧರಾ. ಆ ಮಾತು ಬಾಯಿಂದ ಬಿದ್ದದ್ದೇ ತಡ, ಅದೆಷ್ಟು ಹೊಲಸು ಮಾತೆಂದು ಅವಳಿಗೆ ಗೊತ್ತಾಯಿತು. ಆದರೂ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಸಿಟ್ಟು ಅವಳಿಗೂ ಬಂದಿತ್ತು. ಗೋಡೆಯ ಆಚೆ ಕೂತು ತನ್ನ ಪಾಠ ಕೇಳಿದ್ದಕ್ಕೆ, ಅದನ್ನು ತನಗೇ ತಿರುಗಿಸಿ ಹೇಳಿದ್ದಕ್ಕೆ ಬಂದ ಸಿಟ್ಟು.

ನೂರ್ಜಹಾನ್ ಕಾಯಲಿಲ್ಲ. ಅವತ್ತೇ ಸಂಜೆ ಗುಂಪಿನಲ್ಲಿ ತಾನೇ ಬರೆದಳು, ಚೀಟಿಯ ಫೋಟೊ ಸಮೇತ. ಅನಂತಕೃಷ್ಣ ಮೂರೇ ನಿಮಿಷದಲ್ಲಿ ಅದನ್ನು ಅಳಿಸಿ ಅವಳನ್ನು ಗುಂಪಿನಿಂದ ತೆಗೆದ. ‘ವೈಯಕ್ತಿಕ ಜಗಳಕ್ಕೆ ಇಲ್ಲಿ ಜಾಗವಿಲ್ಲ’ ಎಂದು ಹಾಕಿದ. ಇಪ್ಪತ್ತು ಜನ ಹೆಬ್ಬೆರಳೆತ್ತಿದರು. ವಸುಂಧರಾ ಎತ್ತಲಿಲ್ಲ. ಅಷ್ಟಕ್ಕೇ ತಾನು ಅವರಂತಲ್ಲ ಎಂದು ಒಂದು ಗಳಿಗೆ ಅಂದುಕೊಂಡಳು.

ರಂಜಾನ್ ಶುರುವಾದ ಮರುದಿನ, ಶನಿವಾರ, ಅಕ್ಕಿ ಮುಗಿದಿತ್ತು. ವಸುಂಧರಾ ಕನ್ನಡಿಗನೇ ಆದ ಖಾಲಿದನ ಅಂಗಡಿಗೆ ಹೋದಳು. ಕನ್ನಡದವರು, ತೆಲುಗಿನವರು, ಪಾಕಿಸ್ತಾನದವರು ಎಲ್ಲರೂ ಬೇಳೆ, ಮಸಾಲೆಗೆ ಬರುತ್ತಿದ್ದ ಅಂಗಡಿ ಅದು. ಒಳಗೆ ಮೂವರನ್ನು ಮಾತ್ರ ಬಿಡುತ್ತಿದ್ದುದರಿಂದ ಹೊರಗೆ ಉದ್ದಕ್ಕೆ ಸಾಲು. ಅಂಗಡಿಯ ಗಾಜಿಗೆ ಒಳಗಿನಿಂದ ಒಂದು ದೊಡ್ಡ ಹಾಳೆ ಅಂಟಿಸಿತ್ತು. ಕಪ್ಪು ಮಾರ್ಕರಿನಲ್ಲಿ ಕನ್ನಡ, ಕೆಳಗೆ ಇಂಗ್ಲಿಷು. ದುಂಡನೆಯ, ನಿಧಾನದ ಅಕ್ಷರ. ಸಾಲಿನಲ್ಲಿ ಸರದಿ ಬರುವ ತನಕ ಓದದೆ ಬೇರೆ ದಾರಿಯೇ ಇರಲಿಲ್ಲ.

‘ನನ್ನ ಹೆಸರು ನೂರ್ಜಹಾನ್. ನಾನು ಮಾಸ್ಕು ಕದ್ದೆನೆಂದು ಗುಂಪಿನಲ್ಲಿ ಬರೆದರು. ನಾನು ಉತ್ತರ ಬರೆದೆ, ಅಳಿಸಿದರು. ಗಾಜಿನ ಒಳಗಿರುವುದರಿಂದ ಇದನ್ನು ಅಳಿಸಲು ಆಗುವುದಿಲ್ಲ. ಮಾಸ್ಕು ಕಾರ್ಕಿನಿಂದ ನನ್ನ ಹೆಸರಿಗೆ ಅಂಚೆಯಲ್ಲಿ ಬಂದದ್ದು, ಚೀಟಿಯ ಫೋಟೊ ಇಲ್ಲೇ ಇದೆ. ಮಾರ್ಚಿನಿಂದ ನಮ್ಮ ಆಶ್ರಮದಲ್ಲಿ ಸತ್ತವರಲ್ಲಿ ಏಳು ಜನರ ಕಣ್ಣು ಮುಚ್ಚಿದ್ದು ನಾನು. ಅವರ ಹೆಸರು ಬರೆಯುವುದಿಲ್ಲ, ಅವರ ಮನೆಯವರಿಗೆ ನೋವಾಗುತ್ತದೆ. ಎಂಟನೆಯವರ ಹತ್ತಿರ ಇರಲು ನನ್ನನ್ನು ಬಿಡಲಿಲ್ಲ. ನನ್ನ ಮೇಲೆ ಬರೆದವರ ಹೆಸರನ್ನೂ ಬರೆಯುವುದಿಲ್ಲ. ಅವರು ಕಲಿತವರು. ಚೀಲ ನೋಡಿದವರು ಒಂದು ಮಾತು ಕೇಳಬಹುದಿತ್ತು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ.’

ಮುಂದಿದ್ದ ಹೆಂಗಸು ತಿರುಗಿದಳು. ವೇದಾವತಿ ಎಂಬ ಬೆಂಗಳೂರಿನವಳು, ಹಿಂದಿನ ವರ್ಷದ ಯುಗಾದಿ ಊಟದಲ್ಲಿ ಪರಿಚಯವಾದವಳು. “ನಿಮ್ಮನೇಲೇ ಅಲ್ವಾ ವಸುಂಧರಾ, ಇವ್ರು ಇರೋದು? ಬರೆದಿದ್ದು ನೀವೇ ತಾನೇ?”

“ಗೊತ್ತಿಲ್ಲ, ಸರಿಯಾಗ್ ನೋಡಿಲ್ಲ,” ಎಂದಳು ವಸುಂಧರಾ. ಏನನ್ನು ನೋಡಿಲ್ಲವೆಂದು ಅವಳಿಗೇ ತಿಳಿಯಲಿಲ್ಲ.

ವೇದಾವತಿ ಮುಂದಕ್ಕೆ ತಿರುಗಿಕೊಂಡಳು. ಹಿಂದಿದ್ದ ಯಾರೋ ಗಟ್ಟಿಯಾಗಿಯೇ, “ಇದನ್ನ ತೆಗೀರಿ ಖಾಲಿದ್, ನಿಮ್ ವ್ಯಾಪಾರಕ್ಕೇ ಪೆಟ್ಟು,” ಎಂದರು. ಬಾಗಿಲಲ್ಲಿ ಜನರನ್ನು ಬಿಡುತ್ತಿದ್ದ ಖಾಲಿದ್, “ಅಂಗ್ಡಿ ನಂದು, ಗಾಜು ನಂದು. ಬೇಡ ಅನ್ನೋರು ಬೇರೆ ಕಡೆ ತಗೊಳ್ಳಿ,” ಎಂದ. ಹಾಗೆ ಹೇಳುವಾಗ ಅವನು ನೋಡುತ್ತಿದ್ದದ್ದು ವಸುಂಧರೆಯನ್ನು. ಅವಳು ಸಾಲು ಬಿಟ್ಟು, ಅಕ್ಕಿಯಿಲ್ಲದೆ ಮನೆಗೆ ಬಂದಳು.

ಎರಡು ದಿನ ಬರೆದು ಬರೆದು ಹೊಡೆದುಹಾಕಿದಳು. ಮೊದಲಿನದರಲ್ಲಿ ‘ತಪ್ಪು ತಿಳಿವಳಿಕೆ ಉಂಟಾಗಿತ್ತು’ ಎಂದಿತ್ತು. ಯಾರಿಗೆ ಉಂಟಾಗಿತ್ತೆಂದು ಇರಲಿಲ್ಲ. ಎರಡನೆಯದರಲ್ಲಿ ನೂರ್ಜಹಾನಳ ಸೇವೆಯನ್ನು ನಾಲ್ಕು ಸಾಲು ಹೊಗಳಿದ್ದಳು. ಓದಿದಾಗ ಇಂಥದ್ದನ್ನು ಮೊದಲೇ ಓದಿದ್ದೇನೆಂದು ಹೊಳೆಯಿತು. ಡಬ್ಲಿನ್ನಿನ ಆ ಮುದ್ರಕನೂ ಆ ಇಬ್ಬರು ಹಿರಿಯರನ್ನು ಹೊಗಳಿ, ಉಳಿದವರ ಮೇಲಿನ ಮಾತನ್ನು ಹಾಗೇ ಉಳಿಸಿಕೊಂಡಿದ್ದ. ಆ ಹಾಳೆಗಳನ್ನು ಅವಳು ವರ್ಷಗಟ್ಟಲೆ ಓದಿದ್ದಳು, ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಳು.

ಮೂರನೆಯದು ಚಿಕ್ಕದಾಗಿತ್ತು. ‘ಏಪ್ರಿಲ್ ಹದಿನಾರರಂದು ಇಲ್ಲಿ ಬರೆದವಳು ನಾನು, ವಸುಂಧರಾ. ಬರೆದದ್ದು ಸುಳ್ಳು. ಚೀಲ ನೋಡಿದೆ, ಕೇಳಲಿಲ್ಲ. ಅದನ್ನು ನೂರ್ಜಹಾನ್ ಅವರ ಕೆಲಸದ ಜಾಗಕ್ಕೆ ಕಳಿಸಲೇ ಎಂದು ಅನಂತಕೃಷ್ಣ ಕೇಳಿದಾಗ ಬೇಡವೆನ್ನಲಿಲ್ಲ. ಅವರ ಧರ್ಮದ ಮೇಲೆ ನೀವು ಹಾಕಿದ ಹೊಲಸು ಓದಿಯೂ ಸುಮ್ಮನಿದ್ದೆ.’ ಅದನ್ನು ಗುಂಪಿಗೆ ಹಾಕಿದಳು. ಅದನ್ನೇ ಇಂಗ್ಲಿಷಿನಲ್ಲಿ ವೃದ್ಧಾಶ್ರಮಕ್ಕೆ ಕಳಿಸಿದಳು.

ಅನಂತಕೃಷ್ಣನ ಫೋನು ಕೂಡಲೇ ಬಂತು. “ನನ್ನ ಹೆಸರ್ಯಾಕ್ರೀ ತಂದ್ರಿ ಅದ್ರಲ್ಲಿ? ನಾನ್ ನಿಮ್ ಪರ ನಿಂತಿದ್ದಕ್ಕಾ?”

“ನಡೆದಿದ್ದು ಬರ್ದೆ.”

“ಸರಿ. ನೀವೂ ಬೇರೆ ಮನೆ ನೋಡ್ಕೊಳಿ. ಈ ಕಾನೂನು ತೆಗೆದ ದಿನವೇ ನೀವು ಅಲ್ಲಿರಬಾರ್ದು. ಮುಂದೆ ಮನೆ ಕೊಡೋರು ಯಾರಾದ್ರೂ ನಂಗೆ ಫೋನ್ ಮಾಡಿ ಕೇಳಿದ್ರೆ ಏನ್ ಹೇಳ್ಬೇಕೂಂತ ನಂಗೊತ್ತು.”

“ಹೇಳಿ,” ಎಂದಳು ವಸುಂಧರಾ. ಇನ್ಹೇಲರ್ ಎರಡು ಸಲ ಎಳೆದುಕೊಂಡಳು. ಆ ಹೊತ್ತಿಗೆ ಅವಳನ್ನೂ ಗುಂಪಿನಿಂದ ತೆಗೆದಾಗಿತ್ತು.

ವೃದ್ಧಾಶ್ರಮದವರಿಗೆ ಅವಳ ಪತ್ರ ಬೇಕಿರಲಿಲ್ಲ. ಅಂಚೆಯ ಚೀಟಿ ನೋಡಿ, ತಮ್ಮ ದಾಸ್ತಾನು ಎಣಿಸಿ, ಹಿಂದಿನ ದಿನವೇ ನೂರ್ಜಹಾನಳನ್ನು ವಾಪಸು ಕರೆದಿದ್ದರು. ಸೋಂಕು ಮನೆಗೆ ಹೋಗದಿರಲೆಂದು ಕೆಲಸದವರಿಗೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿದ್ದರು. ಅವಳು ಅದಕ್ಕೆ ಒಪ್ಪಿಕೊಂಡಿದ್ದಳು. ಇದು ವಸುಂಧರೆಗೆ ತಿಳಿದದ್ದು ಬುಧವಾರ ಬೆಳಿಗ್ಗೆ ಹಜಾರದಲ್ಲಿ ಎರಡು ಸೂಟ್‌ಕೇಸು ನೋಡಿದಾಗ.

“ಗುಂಪಿನಲ್ಲಿ ಬರ್ದೆ,” ಎಂದಳು ವಸುಂಧರಾ ಮೆಟ್ಟಿಲ ಮೇಲಿಂದಲೇ. “ನೀವು ನೋಡಿರಲ್ಲ, ನಿಮ್ಮನ್ನ ತೆಗೆದಿದ್ದಾರೆ. ತೋರಿಸ್ಲಾ?”

“ವೇದಾವತಿಯವ್ರು ಕಳಿಸ್ಯಾರ. ಓದೀನಿ.” ನೂರ್ಜಹಾನ್ ಕೋಟಿನ ಗುಂಡಿ ಹಾಕಿಕೊಂಡಳು.

“ನನ್ನಿಂದ ತಪ್ಪಾಯ್ತು.”

“ಹೌದ್ರಿ, ಆತು.”

ಹೊರಗೆ ಟ್ಯಾಕ್ಸಿ ಬಂದು ನಿಂತಿತು. ವಸುಂಧರಾ ಎರಡು ಮೆಟ್ಟಿಲು ಇಳಿದು ಸೂಟ್‌ಕೇಸಿನ ಕಡೆ ಕೈ ಚಾಚಿದಳು.

“ಬ್ಯಾಡ್ರಿ,” ಎಂದಳು ನೂರ್ಜಹಾನ್. “ನಾ ಒಯ್ತೀನಿ. ನೀವು ಬರದದ್ದು ಚಲೋ ಆತು. ಬರೀದಿದ್ರ ನೀವು ಇನ್ನೂ ಕೆಟ್ಟಾಕಿ ಆಗ್ತಿದ್ರಿ, ಅಷ್ಟ. ನಾನು ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ್ರಿ. ಬ್ರೀಡಾ ನನ್ನ ಕೇಳಿಕೋತ ಸತ್ತಾಳ.”

ಬಾಗಿಲು ಮುಚ್ಚಿತು. ಹಿಡಿಕೆಯನ್ನು ಒರೆಸಬೇಕೆಂದು ವಸುಂಧರೆಗೆ ಹೊಳೆಯಲೇ ಇಲ್ಲ. ಖಾಲಿ ಹಜಾರದಲ್ಲಿ ಬಹಳ ಹೊತ್ತು ಕೂತಳು. ಕ್ಷಮೆ ಸಿಗುತ್ತದೆಂದು ತಾನು ಎಷ್ಟು ಗಟ್ಟಿಯಾಗಿ ನಂಬಿದ್ದೆ, ಬರೆದದ್ದರಲ್ಲಿ ಎಷ್ಟು ಪಾಲು ಅದಕ್ಕಾಗಿಯೇ ಆಗಿತ್ತು ಎಂಬುದು ಆಗ ಅವಳಿಗೆ ತಿಳಿಯಿತು.

ಆಗಸ್ಟಿನಲ್ಲಿ ಅವಳೂ ಆ ಮನೆ ಬಿಟ್ಟಳು. ಬೇರೆ ಕೋಣೆ ಸಿಗುವುದು ಕಷ್ಟವಾಯಿತು. ಕನ್ನಡದವರು ಯಾರೂ ಕೊಡಲಿಲ್ಲ. ಕೊನೆಗೆ ಪಕ್ಕದ ಬೆಲ್ಗಾರ್ಡಿನಲ್ಲಿ ಒಬ್ಬ ಐರಿಷ್ ವಿಧವೆಯ ಮನೆಯ ಮಾಳಿಗೆಯ ಕೋಣೆ ಸಿಕ್ಕಿತು. ಫಿಲಡೆಲ್ಫಿಯಾದ ಜ್ವರದ ಅಧ್ಯಾಯವನ್ನು ಪೂರ್ತಿ ಹರಿದು ಹೊಸದಾಗಿ ಬರೆದಳು. ಹೊಸದು ಉತ್ತಮವಾಗಿದೆಯೆಂದು ಮಾರ್ಗದರ್ಶಕರು ಹೊಗಳಿದ ದಿನ ಅವಳಿಗೆ ಊಟ ಸೇರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಟಾಲಾ ಕಡೆ ಹೋಗುವ ಲುವಾಸ್ ಟ್ರಾಮಿನಲ್ಲಿ ಅವಳು ನೂರ್ಜಹಾನಳನ್ನು ಕಂಡಳು. ಇಬ್ಬರ ಮುಖಕ್ಕೂ ಮಾಸ್ಕು. ಆದರೂ ಗುರುತು ಸಿಕ್ಕಿತು. ಇಬ್ಬರ ನಡುವೆ ಟೇಪು ಹಚ್ಚಿ ಮುಚ್ಚಿದ ಖಾಲಿ ಸೀಟುಗಳು. ವಸುಂಧರಾ ತಲೆ ಬಾಗಿಸಿದಳು. ನೂರ್ಜಹಾನ್ ಅವಳನ್ನು ಒಂದು ಕ್ಷಣ ನೇರವಾಗಿ ನೋಡಿ, ಕಿಟಕಿಯ ಕಡೆ ತಿರುಗಿ, ಆಸ್ಪತ್ರೆಯ ನಿಲ್ದಾಣ ಬಂದಾಗ ಇಳಿದು ಹೋದಳು.